ಕಳ್ಳ ಅನ್ಕೊಂಡು ಗುಂಡು ಹಾರಿಸಿದ್ರ? ಪೊಲೀಸರ ತಪ್ಪು ತಿಳಿವಳಿಕೆ ಮತ್ತ ಒಂದು ಜೀವ

ಕೊನೆಭಾಗದ ರೈತನ ಮಗ, ಮಾನ್ವಿ

ಎಲ್ಲಾರಿಗೂ ನಮಸ್ಕಾರ. ಭಾಳ ದಿನದಿಂದ ತಲಿಯೊಳಗ ಕೊರಿಯಾಕತ್ತಿದ್ದ ಒಂದು ವಿಷಯ ಇಲ್ಲಿ ಇಡಾಕತ್ತೀನಿ. ವಕೀಲ್ರು, ಇಲಾಖೆಯೊಳಗ ಕೆಲಸ ಮಾಡಿದವರು ಯಾರರ ಇದ್ರ ದಯವಿಟ್ಟು ಬರೀರಿ.

ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಇಲ್ಲಿಗೆ ನೀರು ಬರೋದ ಕಷ್ಟ, ಬಂದ್ರ ಅಪರಾತ್ರಿ. ಹನ್ನೆರಡು ವರ್ಷದ ಹಿಂದ ಒಂದು ರಾತ್ರಿ ನಮ್ಮ ಸೋದರಮಾವ ಪಾಳಿ ಬಂತಂತ ಭತ್ತಕ್ಕ ನೀರ ಕಟ್ಟಾಕ ಹೋಗಿದ್ದ. ಒಂದು ಮಡಿ ತುಂಬಿಸಿ, ತೂಬು ನೋಡಾಕ ಕಾಲುವೆ ದಂಡಿ ಹಿಡಕೊಂಡು ಹೊಂಟಾನ. ಹೆಗಲ ಮ್ಯಾಲ ಸಲಿಕಿ, ತಲಿಗೆ ಟವೆಲ್ಲು. ಅದೇ ವಾರ ಸುತ್ತಮುತ್ತ ಪಂಪ್‌ಸೆಟ್ಟಿನ ಮೋಟರ್, ಕೇಬಲ್ಲು ಕಳವಾಗಿದ್ವು. ಪೊಲೀಸರು ಜೀಪಿನ ಲೈಟ್ ಆರಿಸಿ ಜಾಲಿ ಮರಿಗೆ ಕುಂತಿದ್ರು. "ಯಾರಲೇ ಅಂವಾ, ನಿಂದ್ರು" ಅಂತ ಎರಡು ಸಲ ಕೂಗ್ಯಾರ. ನಮ್ಮ ಮಾವಗ ಎಡಗಿವಿ ಕೇಳಂಗಿಲ್ಲ, ಅದರಾಗ ನೀರಿನ ಸಪ್ಪಳ ಬ್ಯಾರೆ. ಅಂವ ನಿಂದ್ರಲಿಲ್ಲ. ಅರ್ಧಮರ್ಧ ಕೇಳಿ ಒಮ್ಮಿಗೇ ಹಿಂದ ಹೊಳ್ಳಿದಾಗ ಹೆಗಲ ಮ್ಯಾಲಿನ ಸಲಿಕಿನೂ ಅವರ ಕಡೆ ಹೊಳ್ಳೇತಿ. ಹೊಸದಾಗಿ ಬಂದಿದ್ದ ಸಣ್ಣ ವಯಸ್ಸಿನ ಪಿಎಸ್ಐ ಪಿಸ್ತೂಲ್ ತೆಗೆದು ಎದಿಗೆ ಗುರಿ ಹಿಡಿದಾರ.

ಜೊತಿಗಿದ್ದ ವಯಸ್ಸಾದ ಪೇದೆಯೊಬ್ಬರು ಬ್ಯಾಟರಿ ಬೆಳಕು ಮುಖಕ್ಕ ಬಿಡಲಿಲ್ಲ, ಕಾಲಿಗೆ ಬಿಟ್ರಂತ. ಮಣಕಾಲ ತನ ಹಸಿ ಕೆಸರು. "ಸರ, ಮೋಟರ್ ಕಳ್ಳಗ ಇಷ್ಟು ಕೆಸರ ಹತ್ತಂಗಿಲ್ಲ. ಇಂವ ನೀರ ಕಟ್ಟಾಂವ" ಅಂದ್ರಂತ. ಪಿಸ್ತೂಲ್ ಕೆಳಗಿಳೀತು. ಮಾವ ಮನಿಗೆ ಬಂದ.

ನನ್ನ ಪ್ರಶ್ನೆ ಇಷ್ಟ. ಆ ಗುಂಡು ಹಾರಿದ್ರ? ಆ ಪಿಎಸ್ಐ ಸುಳ್ಳು ಹೇಳ್ತಿದ್ದಿಲ್ಲ. ಎದುರಿಗಿದ್ದಾಂವ ಕಳ್ಳ, ಕೈಯಾಗ ಆಯುಧ ಐತಿ, ಮೈಮ್ಯಾಲ ಬರ್ತಾನ ಅಂತ ಅವರು ಖರೇನ ನಂಬಿದ್ರು. ಆ ನಂಬಿಕಿ ತಪ್ಪಾಗಿತ್ತು ಅಷ್ಟ. ಹಂಗ ತಪ್ಪು ತಿಳಿದು ಒಂದು ಜೀವ ತೆಗೆದ್ರ "ನಾ ಹಂಗ ಅನ್ಕೊಂಡಿದ್ದೆ" ಅನ್ನೋದು ಸಾಕಾಗ್ತೈತೇನು? ನನಗ ಸಾಕಾಗಂಗಿಲ್ಲ ಅನಿಸ್ತೈತಿ. ಆದ್ರ ಯಾಕಂತ ಬಿಡಿಸಿ ಹೇಳಾಕ ಬರವಲ್ದು.

ಹಳೇ ಪೇದೆ, ಕುಷ್ಟಗಿ

ತಮ್ಮಾ, ನಿಮ್ಮ ಮಾವ ಉಳಿದಿದ್ದು ದೇವರ ದಯಾ. ನಾನು ಮೂವತ್ತೆರಡು ವರ್ಷ ಖಾಕಿ ಹಾಕ್ಕೊಂಡಾಂವ, ಈಗ ನಿವೃತ್ತ. ನಮ್ಮ ಕಡೆಯಿಂದನೂ ನಾಕು ಮಾತು ಕೇಳು.

ಕತ್ತಲಾಗ ನಿಂತಾಗ ಆಗೋದು ಏನಂತ ಮನ್ಯಾಗ ಕುಂತವರಿಗೆ ತಿಳಿಯಂಗಿಲ್ಲ. ಕಣ್ಣಿಗೆ ಎದುರಿನಾಂವನ ಕೈ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ. ಕಿವ್ಯಾಗ ನಿನ್ನ ಎದಿ ಬಡಿಯೋದ ನಿನಗ ಕೇಳಸ್ತೈತಿ. ಬಾಯಿ ಒಣಗಿ ನಾಲಿಗಿ ಅಂಗಳಕ್ಕ ಹತ್ತಿರ್ತೈತಿ. ಆ ಹೊತ್ತಿನ್ಯಾಗ ನಿನಗ ಸಿಗೋದು ಒಂದೋ ಎರಡೋ ಸೆಕೆಂಡು. ತಡಾ ಮಾಡಿದ್ರ ನೀ ಸಾಯ್ತಿ, ಅವಸರ ಮಾಡಿದ್ರ ಅಂವ ಸಾಯ್ತಾನ. ಕೋರ್ಟಿನ್ಯಾಗ ಫ್ಯಾನಿನ ಕೆಳಗ ಕುಂತು ಆ ಎರಡು ಸೆಕೆಂಡಿನ ಬಗ್ಗೆ ಎರಡು ವರ್ಷ ವಾದ ಮಾಡ್ತಾರ.

ಪ್ರಾಕ್ಟೀಸರ ಎಷ್ಟು ಕೊಡ್ತಾರ? ಹಗಲೊತ್ತಿನ್ಯಾಗ, ನಿಂತಲ್ಲೇ ನಿಂತ ಬೋರ್ಡಿಗೆ ಹೊಡಿಯೋದು. ಹೊಳ್ಳಿ ನೋಡೋ ಮನುಷ್ಯಾಗ, ರಾತ್ರಿ, ಮಳಿಯೊಳಗ ಗುರಿ ಹಿಡಿಯೋದು ಯಾರೂ ಕಲಿಸಲಿಲ್ಲ ನನಗ. ಪ್ರಾಮಾಣಿಕವಾಗಿ ತಪ್ಪು ಮಾಡಿದಾಂವನ್ನ ಕೊಲೆಗಾರ ಅಂದ್ರ ನಾಳಿಗೆ ಯಾವ ಹುಡುಗ ನೈಟ್ ರೌಂಡ್ಸಿಗೆ ಹೊಕ್ಕಾನ?

ಸಂಡೂರು ಹುಡುಗ

ಕಾಕಾ ಹೇಳಿದ್ದು ಖರೇ ಐತಿ. 2025ರ ಏಪ್ರಿಲ್‌ನಾಗ ಹುಬ್ಬಳ್ಳಿಯೊಳಗ ಐದು ವರ್ಷದ ಕೂಸಿನ್ನ ಕೊಂದ ಆರೋಪಿಗೆ ಪೊಲೀಸರ ಗುಂಡು ಬಿದ್ದಾಗ ಇಡೀ ರಾಜ್ಯ ಕೈ ಮುಗೀತು. ನಾನೂ ಮುಗಿದೆ, ನಮ್ಮವ್ವ ಟಿವಿ ಮುಂದ ಅತ್ತಳು. ಕೋರ್ಟಿಗೆ ಹೋದ್ರ ಹತ್ತು ವರ್ಷ. ಪೊಲೀಸರಿಗೆ ಇಷ್ಟು ಕಾನೂನು ಹೇಳಿದ್ರ ಕೆಟ್ಟವರಿಗೆ ಅನುಕೂಲ ಆಗ್ತೈತಿ ಅನ್ನೋದು ನನ್ನ ಅಭಿಪ್ರಾಯ.

ಟೀಚರ್ ಅಕ್ಕ, ಗಂಗಾವತಿ

ತಮ್ಮಾ, ನಿನ್ನ ಸಂಕಟ ನನಗೂ ಗೊತ್ತು. ಆ ಕೂಸಿನ ಫೋಟೊ ನೋಡಿ ನಾನೂ ಎರಡು ದಿನ ಸರಿಯಾಗಿ ಉಂಡಿಲ್ಲ. ಆದ್ರ ಆ ಪ್ರಕರಣಾನೂ ಸಿಐಡಿ ತನಿಖೆಗೆ ಹೋಯ್ತು ಅನ್ನೋದು ಮರೀಬ್ಯಾಡ. ಮತ್ತೆ ಇಲ್ಲಿ ಕೇಳಿರೋ ಪ್ರಶ್ನೆ ಬೇರೆ. ಗುಂಡು ಬಿದ್ದಾಂವ ತಪ್ಪೇ ಮಾಡಿರದಿದ್ರ?

2018ರ ಜುಲೈ 13 ನೆನಪೈತಾ? ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಗೆಳೆಯರ ಗುಂಪೊಂದು ಬಂದಿತ್ತು. ಶಾಲಿ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ರು. ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸ್ಆಪ್‌ನಾಗ ಹರಡಿ ಜನ ಸೇರಿ ಬಡಿದ್ರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸಾಕ ಹೋದ ಪೊಲೀಸರಿಗೂ ಪೆಟ್ಟು ಬಿದ್ವು. ಆ ಜನರೊಳಗ ಎಷ್ಟೋ ಮಂದಿ "ಇವರು ಮಕ್ಕಳ ಕಳ್ಳರ" ಅಂತ ಮನಸಾರೆ ನಂಬಿದ್ರು. ನಂಬಿಕಿ ಖರೇ ಇತ್ತು ಅನ್ನೋದ ಸಾಕಾದ್ರ ಅವರನ್ನೂ ಬಿಡಬೇಕಾಗ್ತೈತಿ. ಬಿಡಾಕ ಬರ್ತೈತೇನು?

ನಂಬೋದು ಸುಲಭ. ಆ ನಂಬಿಕಿ ಎಲ್ಲಿಂದ ಬಂತು, ಬಂದ ಮ್ಯಾಲ ಒಂದು ಸಲನಾರ ತಿರುವಿ ನೋಡಿದಿಯಾ ಅನ್ನೋದು ಪ್ರಶ್ನೆ.

ಹಳೇ ಪೇದೆ, ಕುಷ್ಟಗಿ

ಅಕ್ಕಾರ, ಗುಂಪಿಗೂ ಪೊಲೀಸಗೂ ಹೋಲಿಸಬ್ಯಾಡ್ರಿ, ಮನಸಿಗೆ ನೋವಾಗ್ತೈತಿ. ಮುರ್ಕಿಯೊಳಗ ಆ ಗುಂಪಿಗೆ ಅಲ್ಲಿ ನಿಂದ್ರೋ ಕೆಲಸ ಇರಲಿಲ್ಲ, ಮನಿಗೆ ಹೋಗಬಹುದಿತ್ತು. ಪೊಲೀಸ ಮನಿಗೆ ಹೋಗಾಕ ಬರಂಗಿಲ್ಲ. ಅಲ್ಲೇ ಇರಬೇಕಂತನ ಅವಗ ಪಗಾರ ಕೊಡೋದು.

ಬಳ್ಳಾರಿ ಕರಿಕೋಟು

ಪೇದೆ ಸಾಹೇಬರ ಮಾತಿನಲ್ಲಿ ತೂಕವಿದೆ. ಹಾಗೆಯೇ ಅಕ್ಕನ ಪ್ರಶ್ನೆಯನ್ನು ನಮ್ಮ ಕಾನೂನು 1860ರಲ್ಲೇ ಕೇಳಿಕೊಂಡಿದೆ. ಕೋರ್ಟಿನಿಂದ ಬಂದು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹಳೆಯ ಭಾರತೀಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 76 ಮತ್ತು 79ನೇ ಕಲಮುಗಳು ಇದಕ್ಕೇ ಇರುವಂಥವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 14 ಮತ್ತು 17 ಆಗಿವೆ. ಸಂಗತಿಯ ಬಗ್ಗೆ ತಪ್ಪು ತಿಳಿದು, ಸದ್ಭಾವನೆಯಿಂದ, ಕಾನೂನು ನನಗೆ ಇದನ್ನು ಮಾಡಲು ಹೇಳುತ್ತದೆ ಅಥವಾ ಬಿಡುತ್ತದೆ ಎಂದು ನಂಬಿ ಮಾಡಿದರೆ ಅದು ಅಪರಾಧವಲ್ಲ. ಇಷ್ಟೇ ಓದಿದರೆ ಮಾನ್ವಿಯ ಆ ಪಿಎಸ್ಐ ಬಚಾವು. ಆದರೆ ಕಾನೂನು ಸದ್ಭಾವನೆ ಎಂಬ ಮಾತಿಗೂ ಅರ್ಥ ಕೊಟ್ಟಿದೆ: ಯುಕ್ತ ಎಚ್ಚರಿಕೆ, ಯುಕ್ತ ಗಮನ ಇಲ್ಲದೆ ಮಾಡಿದ್ದು ಅಥವಾ ನಂಬಿದ್ದು ಸದ್ಭಾವನೆ ಆಗುವುದೇ ಇಲ್ಲ. ಮನಸ್ಸು ಸ್ವಚ್ಛವಾಗಿತ್ತು ಅಂದರೆ ಸಾಲದು. ನಂಬುವ ಮುಂಚೆ ಏನು ವಿಚಾರಿಸಿದೆ ಎಂದು ಕೇಳುತ್ತದೆ.

76ನೇ ಕಲಮಿನ ಕೆಳಗೆ ಒಂದು ಉದಾಹರಣೆ ಇದೆ, ಅದನ್ನು ನಾನು ಪ್ರತಿ ಕಿರಿಯ ವಕೀಲರಿಗೂ ಓದಿಸುತ್ತೇನೆ. ಒಬ್ಬನನ್ನು ಬಂಧಿಸಲು ನ್ಯಾಯಾಲಯದ ಆದೇಶ ಪಡೆದ ಅಧಿಕಾರಿ, ಸರಿಯಾಗಿ ವಿಚಾರಣೆ ಮಾಡಿದ ಮೇಲೆ, ಇನ್ನೊಬ್ಬನನ್ನು ಅವನೇ ಎಂದು ನಂಬಿ ಬಂಧಿಸಿದರೆ ಅಪರಾಧವಲ್ಲ. ಎರಡು ಸಂಗತಿ ಗಮನಿಸಿ. ವಿಚಾರಣೆ ಮಾಡಿದ ಮೇಲೆ ಎನ್ನುತ್ತದೆ. ಮತ್ತು ಬಂಧಿಸಿದರೆ ಎನ್ನುತ್ತದೆ. ತಪ್ಪಾಗಿ ಬಂಧಿಸಿದವನನ್ನು ಮರುದಿನ ಬಿಡಬಹುದು. ಗುಂಡಿಗೆ ಸತ್ತವನನ್ನು ಬಿಡುವುದು ಎಲ್ಲಿಗೆ?

ಇನ್ನೊಂದು. ಬಂಧಿಸುವಾಗ ಎಷ್ಟು ಬಲ ಬಳಸಬಹುದು ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 46ರಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 43ರಲ್ಲಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನನ್ನು ಬಂಧನದ ಹೆಸರಿನಲ್ಲಿ ಸಾಯಿಸುವ ಹಕ್ಕು ಆ ಕಲಮು ಕೊಡುವುದಿಲ್ಲ. ಮೋಟರ್ ಕಳ್ಳತನ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಮಾವ ನಿಜವಾಗಿ ಕಳ್ಳನೇ ಆಗಿ ಓಡಿದ್ದರೂ, ಓಡಿದ ಎಂಬ ಕಾರಣಕ್ಕೆ ಎದೆಗೆ ಗುಂಡು ಹೊಡೆಯುವ ಹಾಗಿಲ್ಲ. ಉಳಿಯುವುದು ಆತ್ಮರಕ್ಷಣೆ ಒಂದೇ. ಅಲ್ಲಿಯೂ ಪ್ರಾಣಭಯಕ್ಕೆ ಸಕಾರಣ ಇರಬೇಕು.

ಮಸ್ಕಿ ಓದುಗ

ವಕೀಲ್ರ, ಒಂದು ಸಂಶಯ. ಪೊಲೀಸ ತಪ್ಪು ತಿಳಿದು ಗುಂಡು ಹಾರಿಸಾಕ ಬಂದ, ಎದುರಿನಾಂವ ನಿರಪರಾಧಿ. ಆ ನಿರಪರಾಧಿ ತನ್ನ ಜೀವ ಉಳಿಸಿಕೊಳ್ಳಾಕ ಸಲಿಕಿ ಬೀಸಿದ್ರ ಅಪರಾಧ ಆಗ್ತೈತಾ?

ಬಳ್ಳಾರಿ ಕರಿಕೋಟು

ಬಹಳ ಒಳ್ಳೆಯ ಪ್ರಶ್ನೆ. ಐಪಿಸಿ 98, ಈಗಿನ ನ್ಯಾಯ ಸಂಹಿತೆಯ 36. ಅದರ ಉದಾಹರಣೆ ಹೀಗಿದೆ: ಒಬ್ಬ ತಾನು ಹಕ್ಕಿನಿಂದ ಹೋಗಬಹುದಾದ ಮನೆಗೆ ರಾತ್ರಿ ಹೋಗುತ್ತಾನೆ. ಮನೆಯಲ್ಲಿದ್ದವನು ಕನ್ನಗಳ್ಳ ಎಂದು ತಪ್ಪು ತಿಳಿದು, ಸದ್ಭಾವನೆಯಿಂದ, ಹೊಡೆಯುತ್ತಾನೆ. ಹೊಡೆದವನದು ಅಪರಾಧವಲ್ಲ. ಆದರೆ ಹೊಡೆಸಿಕೊಂಡವನಿಗೂ ಆತ್ಮರಕ್ಷಣೆಯ ಪೂರ್ತಿ ಹಕ್ಕು ಇದೆ. ಸರ್ಕಾರಿ ನೌಕರನ ಎದುರು ಈ ಹಕ್ಕಿಗೆ ಮಿತಿ ಇದೆ, ಆದರೆ ಅವನ ಕೃತ್ಯದಿಂದ ಸಾವಿನ ಅಥವಾ ತೀವ್ರ ಗಾಯದ ಭಯ ಸಕಾರಣವಾಗಿ ಹುಟ್ಟಿದರೆ ಆ ಮಿತಿ ಅನ್ವಯಿಸುವುದಿಲ್ಲ. ಒಬ್ಬನ ತಪ್ಪು ತಿಳಿವಳಿಕೆ ಇನ್ನೊಬ್ಬನ ಜೀವದ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ ಎಂಬ ಎಚ್ಚರ ಆ ಕಾಲಕ್ಕೇ ಇತ್ತು.

ಕೊನೆಭಾಗದ ರೈತನ ಮಗ, ಮಾನ್ವಿ

ಇದನ್ನ ಓದಿ ಮೈ ಝುಂ ಅಂತು. ಅಂದ್ರ ಆ ರಾತ್ರಿ ಕಾಲುವೆ ದಂಡಿ ಮ್ಯಾಲ ಇಬ್ಬರೂ ಕಾನೂನಿನ ಒಳಗ ನಿಂತು ಒಬ್ಬರನ್ನೊಬ್ಬರು ಕೊಲ್ಲಬಹುದಿತ್ತು.

ಪೊಲೀಸರು ತಪ್ಪು ತಿಳಿದು ಕೊಂದು ಖರೇನ ಶಿಕ್ಷೆ ಆಗಿದ್ದು ಐತೇನ್ರಿ ನಮ್ಮ ದೇಶದಾಗ?

ಬಳ್ಳಾರಿ ಕರಿಕೋಟು

ಇದೆ. 1997ರ ಮಾರ್ಚ್ 31, ದೆಹಲಿಯ ಕನಾಟ್ ಪ್ಲೇಸ್, ಬಾರಾಖಂಬಾ ರಸ್ತೆ. ದೆಹಲಿ ಪೊಲೀಸರ ಕ್ರೈಂ ಬ್ರಾಂಚ್ ತಂಡ ಯಾಸೀನ್ ಎಂಬ ಪಾತಕಿಯ ಬೆನ್ನು ಹತ್ತಿತ್ತು. ನೀಲಿ ಬಣ್ಣದ ಮಾರುತಿ ಎಸ್ಟೀಮ್ ಕಾರಿನಲ್ಲಿ ಇರುವವನು ಅವನೇ ಎಂದುಕೊಂಡು ಹಿಂಬಾಲಿಸಿ, ಸುತ್ತುವರಿದು ಗುಂಡಿನ ಮಳೆಗರೆದರು. ಇಬ್ಬರು ಉದ್ಯಮಿಗಳು ಸತ್ತರು, ಮೂರನೆಯವರು ಗಾಯಗೊಂಡು ಬದುಕಿದರು. ಯಾಸೀನ್ ಆ ಕಾರಿನಲ್ಲಿ ಇರಲೇ ಇಲ್ಲ. ಗುರುತು ತಪ್ಪಿದ್ದು ಪ್ರಾಮಾಣಿಕವಾಗಿಯೇ ಇರಬಹುದು.

ಆದರೆ ಮುಂದೇನಾಯಿತು ನೋಡಿ. ಕಾರಿನ ಒಳಗಿನಿಂದ ಮೊದಲು ಗುಂಡು ಬಂತು, ಅದಕ್ಕೇ ನಾವು ಹಾರಿಸಿದೆವು ಎಂದರು. ಕಾರಿನಲ್ಲಿ ಪಿಸ್ತೂಲ್ ಸಿಕ್ಕಿತು ಎಂದರು. ಅದು ಆಮೇಲೆ ಇಟ್ಟಿದ್ದು ಎಂದು ನ್ಯಾಯಾಲಯ ಕಂಡುಕೊಂಡಿತು. 2007ರಲ್ಲಿ ಎಸಿಪಿ ಸೇರಿ 10 ಪೊಲೀಸರಿಗೆ ಜೀವಾವಧಿ. 2009ರಲ್ಲಿ ಹೈಕೋರ್ಟ್, 2011ರ ಮೇ 2ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದವು. ಸದ್ಭಾವನೆಯ ವಾದ ಅಲ್ಲಿ ನಿಲ್ಲಲಿಲ್ಲ. ನಿಜವಾಗಿ ತಪ್ಪು ತಿಳಿದವನಿಗೆ ಸುಳ್ಳು ಪಿಸ್ತೂಲ್ ಯಾಕೆ ಬೇಕು?

ಇದು ನನ್ನ ಮನಸ್ಸಿನಲ್ಲಿ ನಾಟಿದ ಸಂಗತಿ. ನಂಬಿಕೆ ಪ್ರಾಮಾಣಿಕವೋ ಅಲ್ಲವೋ ಎಂಬುದು ಗುಂಡು ಹಾರಿಸಿದ ಕ್ಷಣದಲ್ಲಿ ಮಾತ್ರ ಕಾಣುವುದಿಲ್ಲ, ಆಮೇಲಿನ ಅರ್ಧ ಗಂಟೆಯಲ್ಲಿ ಕಾಣುತ್ತದೆ.

ರಾಯಚೂರಿಂದ ಲಂಡನ್ನಿಗೆ

ನಾನು ತೀನ್ ಕಂದೀಲ್ ಹತ್ತಿರ ಹುಟ್ಟಿ ಬೆಳೆದಾಂವ, ಈಗ ಇಲ್ಲಿದ್ದೀನಿ. ದಿನಾ ಟ್ಯೂಬ್ ರೈಲಿನ್ಯಾಗ ಸ್ಟಾಕ್‌ವೆಲ್ ದಾಟಿ ಹೋಗ್ತೀನಿ. ಆ ಸ್ಟೇಷನ್ನಿನ ಹೊರಗ ಗೋಡಿ ಮ್ಯಾಲ ಸತ್ತ ಹುಡುಗನ ಸ್ಮಾರಕ ಐತಿ, ಅದನ್ನ ನೋಡಿದಾಗೆಲ್ಲ ನಿಂದ್ರತೀನಿ.

2005ರ ಜುಲೈ 22. ಹಿಂದಿನ ದಿನ ಲಂಡನ್ನಿನ್ಯಾಗ ಬಾಂಬು ಸಿಡಿಸೋ ಪ್ರಯತ್ನ ವಿಫಲ ಆಗಿತ್ತು. ಎರಡು ವಾರದ ಹಿಂದ ಜುಲೈ 7ಕ್ಕ 52 ಜನ ಸತ್ತಿದ್ರು. ಊರಿಗೂರ ಹೆದರಿತ್ತು. ಶಂಕಿತನೊಬ್ಬ ಇದ್ದ ಕಟ್ಟಡಕ್ಕ ಪೊಲೀಸರು ಕಾವಲು ಹಾಕಿದ್ರು. ಅದೇ ಕಟ್ಟಡದಾಗ ಇದ್ದ ಬ್ರೆಜಿಲ್ ದೇಶದ ಎಲೆಕ್ಟ್ರಿಷಿಯನ್, 27 ವರ್ಷದ ಜಾನ್ ಚಾರ್ಲ್ಸ್ ಡಿ ಮೆನೆಜಿಸ್, ಕೆಲಸಕ್ಕ ಹೊರಬಿದ್ದ. ಆಗ ಕಾವಲಿಗಿದ್ದಾಂವ ಮೂತ್ರಕ್ಕ ಹೋಗಿದ್ದ, ಹುಡುಗನ ಚಿತ್ರ ತೆಗಿಯಾಕ ಆಗಲಿಲ್ಲ. ಇಂವ ಅವನೋ ಅಲ್ಲೋ ಅಂತ ಖಚಿತ ಆಗಲಿಲ್ಲ, ಆದ್ರೂ ಬಸ್ ಹತ್ತಾಕ ಬಿಟ್ರು, ಸ್ಟೇಷನ್ನಿಗೆ ಇಳಿಯಾಕ ಬಿಟ್ರು. ಕೊನಿಗೆ ರೈಲಿನೊಳಗ ಹಿಡಕೊಂಡು ತಲಿಗೆ ಏಳು ಗುಂಡು, ಹೆಗಲಿಗೆ ಒಂದು. ಆತ್ಮಾಹುತಿ ಬಾಂಬರ್ ಅಂತ ಹಾರಿಸಿದವರು ಖರೇನ ನಂಬಿದ್ರು. ಮೊದಲು "ದಪ್ಪ ಕೋಟು ಹಾಕ್ಕೊಂಡಿದ್ದ, ಗೇಟ್ ಜಿಗಿದು ಓಡಿದ" ಅಂತ ಸುದ್ದಿ ಬಂತು. ಎರಡೂ ಸುಳ್ಳು. ತೆಳು ಡೆನಿಮ್ ಜಾಕೆಟ್ ಹಾಕ್ಕೊಂಡಿದ್ದ, ಕಾರ್ಡು ತೋರಿಸಿ ಒಳಗ ಹೋಗಿದ್ದ.

ಗುಂಡು ಹಾರಿಸಿದ ಯಾರ ಮ್ಯಾಲೂ ಕೇಸಾಗಲಿಲ್ಲ. 2007ರಾಗ ಲಂಡನ್ ಪೊಲೀಸ್ ಸಂಸ್ಥೆಯನ್ನ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯಡಿ ತಪ್ಪಿತಸ್ಥ ಅಂದು 1,75,000 ಪೌಂಡ್ ದಂಡ, ಮ್ಯಾಲ 3,85,000 ಪೌಂಡ್ ಖರ್ಚು ಹಾಕಿದ್ರು. ಕುಟುಂಬದವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕ ಹೋದ್ರು. 2016ರಾಗ 13 ಜನ ನ್ಯಾಯಮೂರ್ತಿಗಳು ಬ್ರಿಟನ್ ಪರ, 4 ಜನ ವಿರುದ್ಧ.

ಇಲ್ಲಿನ ಕ್ರಿಮಿನಲ್ ಕಾನೂನಿನ್ಯಾಗ ನಂಬಿಕಿ ಪ್ರಾಮಾಣಿಕ ಇದ್ರ ಸಾಕು, ಸಕಾರಣ ಇರಲೇಬೇಕಂತಿಲ್ಲ. ಸಕಾರಣ ಇತ್ತಾ ಅನ್ನೋದು, ಅಂವ ಖರೇನ ನಂಬಿದ್ನಾ ಅಂತ ಅಳಿಯಾಕ ಮಾತ್ರ. ಪರಿಹಾರದ ದಾವೆಯೊಳಗ ಹಂಗಲ್ಲ, ಪ್ರಾಮಾಣಿಕವೂ ಇರಬೇಕು, ಸಕಾರಣವೂ ಇರಬೇಕು ಅಂತ 2008ರಾಗ ಹೌಸ್ ಆಫ್ ಲಾರ್ಡ್ಸ್ ಹೇಳ್ತು. ಇಲಾಖಾ ಶಿಸ್ತು ಕ್ರಮಕ್ಕ ಯಾವ ಅಳತಿ ಅನ್ನೋ ಜಗಳ ಡಬ್ಲ್ಯೂ80 ಅನ್ನೋ ಸಂಕೇತದ ಅಧಿಕಾರಿಯ ಕೇಸಿನ್ಯಾಗ ಸುಪ್ರೀಂ ಕೋರ್ಟಿನ ತನ ಹೋಗಿ, ಪರಿಹಾರದ ದಾವೆಯ ಅಳತೀನ ಸರಿ ಅಂತ 2023ರ ಜುಲೈನಾಗ ತೀರ್ಪಾತು. ಒಂದ ಗುಂಡು, ಎರಡು ತಕ್ಕಡಿ.

ಟೀಚರ್ ಅಕ್ಕ, ಗಂಗಾವತಿ

ಈ ಮಾತಿಗೆ ನಾ ಒಪ್ಪೋದಿಲ್ಲ. ಪ್ರಾಮಾಣಿಕ ಇದ್ರ ಸಾಕು ಅನ್ನೋದು ಭಾಳ ಅಪಾಯದ್ದು. ಒಬ್ಬ ಅಧಿಕಾರಿಗೆ ಒಂದು ಜಾತಿ, ಒಂದು ಧರ್ಮ, ಒಂದು ಓಣಿ ಜನ ಅಂದ್ರ ಮೊದಲಿಂದ ಸಂಶಯ ಇರ್ತೈತಿ ಅನ್ಕೊಳ್ರಿ. ಅಂವ ಅವರನ್ನ ನೋಡಿದ ಕೂಡ್ಲೇ ಖರೇನ ಹೆದರ್ತಾನ. ಹೆದರಿಕಿ ನಾಟಕ ಅಲ್ಲ. ಅವನ ಪೂರ್ವಗ್ರಹಾನ ಅವನ ರಕ್ಷಣಿ ಆಗಿಬಿಡ್ತೈತಿ. ನಮ್ಮ ಕಾನೂನಿನ್ಯಾಗ ಎಚ್ಚರಿಕೆ ಅನ್ನೋ ಶಬ್ದ ಇರೋದು ನನಗ ದೊಡ್ಡ ಸಮಾಧಾನ.

ಹಳೇ ಪೇದೆ, ಕುಷ್ಟಗಿ

ಅಕ್ಕಾರ ಮಾತು ಮನಸಿಗೆ ಹತ್ತೇತಿ. ಆದ್ರ ಲಂಡನ್ನಿನ ಹುಡುಗ ಬರೆದಿದ್ದನ್ನ ನಾ ಎರಡು ಸಲ ಓದಿದೆ. ಅಲ್ಲಿ ತಪ್ಪಾಗಿದ್ದು ಕೊನಿ ಎರಡು ಸೆಕೆಂಡಿನ್ಯಾಗಲ್ಲ. ಮುಂಜಾನಿಯಿಂದ ಆಗಾಕತ್ತಿತ್ತು. ಕಾವಲಿಗೆ ಇನ್ನೊಬ್ಬನ್ನ ಇಡಲಿಲ್ಲ, ಬಸ್ ಹತ್ತೋ ಮುಂಚೆ ತಡೀಲಿಲ್ಲ. ಕೊನಿಗೆ ಬಂದೂಕ ಹಿಡಿದಾಂವಗ ಬಂದು ಮುಟ್ಟಿದ್ದು "ಇಂವ ಅವನ" ಅನ್ನೋ ಮಾತು ಒಂದ. ಆ ಮಾತು ಕಟ್ಟಿದವರು ಯಾರು? ಮ್ಯಾಲಿನ ಸಾಹೇಬರು ಆಫೀಸಿನ್ಯಾಗ ಉಳೀತಾರ, ಪೇದೆ ಜೈಲಿಗೆ ಹೊಕ್ಕಾನ. ನನ್ನ ಸಂಕಟ ಇರೋದು ಅಲ್ಲಿ.

ರಾಯಚೂರಿಂದ ಲಂಡನ್ನಿಗೆ

ಕಾಕಾ, ನಿಮ್ಮ ಮಾತಿಗೆ ಸಾಕ್ಷಿ ಹಳೇ ತೀರ್ಪಿನ್ಯಾಗ ಐತಿ. 1988ರಾಗ ಜಿಬ್ರಾಲ್ಟರ್‌ನಾಗ ಬ್ರಿಟಿಷ್ ಸೈನ್ಯದ ವಿಶೇಷ ಪಡೆ ಐರಿಷ್ ಉಗ್ರರ ಗುಂಪಿನ ಮೂವರನ್ನ ಕೊಂದಿತು. ಕಾರಿನ್ಯಾಗ ಬಾಂಬ್ ಐತಿ, ಗುಂಡಿ ಒತ್ತಿ ಸಿಡಸ್ತಾರ ಅಂತ ಸೈನಿಕರಿಗೆ ಹೇಳಿದ್ರು. ಆ ಕಾರಿನ್ಯಾಗ ಬಾಂಬ್ ಇರಲಿಲ್ಲ, ಸತ್ತವರ ಕೈಯಾಗ ಆಯುಧನೂ ಇರಲಿಲ್ಲ. 1995ರಾಗ ಯುರೋಪಿನ ನ್ಯಾಯಾಲಯ, ಸೈನಿಕರು ತಮಗ ಹೇಳಿದ್ದನ್ನ ಪ್ರಾಮಾಣಿಕವಾಗಿ ನಂಬಿದ್ರು, ಅವರ ಗುಂಡು ತಾನಾಗಿ ಹಕ್ಕಿನ ಉಲ್ಲಂಘನೆ ಅಲ್ಲ ಅಂತು. ಆದ್ರ ಕಾರ್ಯಾಚರಣೆ ಯೋಜಿಸಿ ನಡೆಸಿದ ರೀತಿ ಜೀವದ ಹಕ್ಕಿನ ಉಲ್ಲಂಘನೆ ಅಂತ 10ಕ್ಕ 9ರ ಬಹುಮತದಿಂದ ತೀರ್ಪು ಕೊಟ್ತು.

ಅಮೆರಿಕಾದಾಗೂ 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ಹಿಂಗ ಹೇಳೇತಿ. ಟೋಲ್ ಬಾಕಿ ಇದ್ದ ಬಾಡಿಗಿ ಕಾರು ತಡೆದ ಅಧಿಕಾರಿ, ಕಾರು ಹೊಂಟಾಗ ಬಾಗಿಲ ಮೆಟ್ಟಲು ಹತ್ತಿ ನಿಂತು ಚಾಲಕನ್ನ ಗುಂಡಿಟ್ಟು ಕೊಂದಿದ್ದ. ಅಪಾಯದ ಆ ಕ್ಷಣ ಒಂದನ್ನ ಮಾತ್ರ ನೋಡ್ತೀವಿ ಅಂದಿದ್ದ ಕೆಳಗಿನ ಕೋರ್ಟಿನ ಕ್ರಮ ತಪ್ಪು, ಹಿಂದಿನಿಂದ ನಡೆದದ್ದೆಲ್ಲಾ ನೋಡಬೇಕು ಅಂತ ಒಂಬತ್ತೂ ಜನ ಒಮ್ಮತದಿಂದ ಹೇಳಿದ್ರು.

ಕೊನೆಭಾಗದ ರೈತನ ಮಗ, ಮಾನ್ವಿ

ಇದ. ಇದನ್ನ ನನಗ ಹೇಳಾಕ ಬರ್ತಿದ್ದಿಲ್ಲ. ಎರಡು ಸೆಕೆಂಡು ಅಂತ ಲೆಕ್ಕ ಹಾಕಿದ್ರ ಪಿಎಸ್ಐ ನಿರಪರಾಧಿ. ಆದ್ರ ಕಾಲುವೆಗೆ ನೀರು ಬಿಟ್ಟ ರಾತ್ರಿ ಹತ್ತಾರು ರೈತರು ಸಲಿಕಿ ಹೊತ್ಕೊಂಡು ದಂಡಿ ಮ್ಯಾಲ ಓಡಾಡ್ತಾರ ಅನ್ನೋದು ನಮ್ಮ ತಾಲೂಕಿನ ಸಣ್ಣ ಹುಡುಗಗೂ ಗೊತ್ತೈತಿ. ಅದನ್ನ ತಿಳಕೊಳ್ಳದ ಲೈಟ್ ಆರಿಸಿ ಪಿಸ್ತೂಲ್ ಹಿಡಿದು ಕುಂದರೋದ ಮೊದಲನೇ ತಪ್ಪು. ಅದಕ್ಕ ಎರಡು ಸೆಕೆಂಡು ಅಲ್ಲ, ಎರಡು ದಿನ ಟೈಮ್ ಇತ್ತು.

ಮಸ್ಕಿ ಓದುಗ

ವಕೀಲ್ರ, ದೆವ್ವದ ಕೇಸು ಅಂತ ಒಂದು ಐತೆಲ್ಲ, ಕಾಲೇಜಿನ್ಯಾಗ ಓದಿದ್ದೆ. ಅದರಾಗ ಕೊಂದಾಂವ ಬಿಡುಗಡೆ ಆದ. ಅವಗಿದ್ದ ರಿಯಾಯಿತಿ ಪೊಲೀಸಗ ಯಾಕಿಲ್ಲ?

ಬಳ್ಳಾರಿ ಕರಿಕೋಟು

ರಾಮ್ ಬಹಾದುರ್ ಥಾಪಾ ಪ್ರಕರಣ, ಒರಿಸ್ಸಾ ಹೈಕೋರ್ಟ್, ವರದಿಯಾದದ್ದು 1960ರಲ್ಲಿ. ಪಾಳುಬಿದ್ದ ವಿಮಾನ ನಿಲ್ದಾಣ, ರಾತ್ರಿ, ದೂರದಲ್ಲಿ ಮಿಣುಕುವ ಬೆಳಕು, ಸುತ್ತ ಆಡುವ ಆಕೃತಿಗಳು. ದೆವ್ವ ಎಂದು ನಂಬಿದ ನೇಪಾಳಿ ಆಳು ಖುಕ್ರಿ ಹಿಡಿದು ನುಗ್ಗಿದ. ಅವರು ಇಪ್ಪೆ ಹೂವು ಆರಿಸಲು ಲಾಟೀನು ಹಿಡಿದು ಬಂದಿದ್ದ ಹೆಂಗಸರು. ಒಬ್ಬಾಕೆ ಸತ್ತಳು. 79ನೇ ಕಲಮಿನಡಿ ಅವನನ್ನು ಬಿಟ್ಟರು. ಅದೇ ಒರಿಸ್ಸಾದ ಇನ್ನೊಂದು ಪ್ರಕರಣದಲ್ಲಿ ಕಳ್ಳ ಅಂದುಕೊಂಡು ಹೊಡೆದೆ ಎಂದವನ ಮಾತನ್ನು 1987ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ವ್ಯತ್ಯಾಸ ನನಗೆ ಕಾಣುವುದು ಹೀಗೆ. ಎಚ್ಚರಿಕೆ ಎಷ್ಟಿರಬೇಕು ಎಂಬುದು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಎಂಬುದರ ಮೇಲೆ ನಿಲ್ಲುತ್ತದೆ. ಆ ಆಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ಖುಕ್ರಿಯನ್ನು ಸರ್ಕಾರ ಕೊಟ್ಟಿರಲಿಲ್ಲ. ಪೊಲೀಸನ ಪಿಸ್ತೂಲನ್ನು ನಮ್ಮೆಲ್ಲರ ಹೆಸರಿನಲ್ಲಿ ಕೊಟ್ಟಿದ್ದೇವೆ. ಅವನ ಎಚ್ಚರಿಕೆ ನನ್ನ ನಿಮ್ಮ ಎಚ್ಚರಿಕೆಗಿಂತ ಒಂದು ಕೈ ಹೆಚ್ಚೇ ಇರಬೇಕು.

ಪೇದೆ ಸಾಹೇಬರ ಸಂಕಟಕ್ಕೂ ಕಾನೂನಿನಲ್ಲಿ ಜಾಗವಿದೆ. ಅಧಿಕಾರ ಮೀರಿದರೂ, ದ್ವೇಷವಿಲ್ಲದೆ, ಕರ್ತವ್ಯಕ್ಕೆ ಅಗತ್ಯ ಎಂದು ಸದ್ಭಾವನೆಯಿಂದ ನಂಬಿ ಕೊಂದ ಸರ್ಕಾರಿ ನೌಕರನದು ಕೊಲೆಯಲ್ಲ, ಕೊಲೆಗಿಂತ ಕೆಳಗಿನ ನರಹತ್ಯೆ. ಪೂರ್ತಿ ಬಿಡುಗಡೆ ಅಥವಾ ಪೂರ್ತಿ ಕೊಲೆ ಎಂಬ ಎರಡೇ ಬಾಗಿಲಿಲ್ಲ.

ಸಂಡೂರು ಹುಡುಗ

ನಾ ಮೊದಲು ಬರೆದಿದ್ದು ಸಿಟ್ಟಿನ್ಯಾಗ ಬರೆದಿದ್ದು. ಒಂದು ಕೇಳ್ತೀನಿ. ಇಷ್ಟೆಲ್ಲಾ ಕೋರ್ಟಿಗೆ ಬಂದ್ರ ತಾನ? ಬರದಿದ್ರ?

ಬಳ್ಳಾರಿ ಕರಿಕೋಟು

ಮುಖ್ಯವಾದದ್ದನ್ನು ಕೇಳಿದಿರಿ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಕಲ್ಲಿದ್ದಲು ಗಣಿಯಿಂದ ಮನೆಗೆ ಮರಳುತ್ತಿದ್ದ ಕೂಲಿಗಳ ಪಿಕಪ್ ಗಾಡಿಯ ಮೇಲೆ ಸೈನ್ಯದ ವಿಶೇಷ ಪಡೆ ಗುಂಡು ಹಾರಿಸಿತು. ಉಗ್ರರು ಎಂದುಕೊಂಡಿದ್ದರು. ಆರು ಜನ ಅಲ್ಲೇ ಸತ್ತರು. ರಾಜ್ಯ ಪೊಲೀಸರು 30 ಸೈನಿಕರ ಮೇಲೆ ಆರೋಪ ಹೊರಿಸಿದರು. ಕೇಂದ್ರ ಸರ್ಕಾರ ವಿಚಾರಣೆಗೆ ಮಂಜೂರಾತಿ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಂಜೂರಾತಿ ಸಿಕ್ಕರೆ ಮುಂದುವರಿಸಬಹುದು ಎಂದು ಹೇಳಿ ಪ್ರಕ್ರಿಯೆ ನಿಲ್ಲಿಸಿತು. ಆ ನಂಬಿಕೆಗೆ ಕಾರಣವಿತ್ತೋ ಇಲ್ಲವೋ ಎಂದು ತೂಗುವ ಹಂತವೇ ಬರಲಿಲ್ಲ.

ಪೊಲೀಸರ ವಿಷಯದಲ್ಲಿ ದಾರಿ ಸ್ವಲ್ಪ ಸ್ಪಷ್ಟ. ನಮ್ಮ ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರ ಮಾರ್ಚ್ 29ರಂದು, ಪೊಲೀಸ್ ಗುಂಡಿಗೆ ಆದ ಪ್ರತಿ ಸಾವನ್ನೂ ಹೇಗೆ ತನಿಖೆ ಮಾಡಬೇಕೆಂದು ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕನಾಟ್ ಪ್ಲೇಸ್ ನಡೆದದ್ದು ಅದಾದ ಎರಡೇ ದಿನಕ್ಕೆ. 2014ರಲ್ಲಿ ಸುಪ್ರೀಂ ಕೋರ್ಟ್ 16 ಮಾರ್ಗಸೂಚಿ ಕೊಟ್ಟಿತು: ಎಫ್ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡಬಾರದು. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸರ್ಕಾರಿ ನೌಕರನ ವಿಚಾರಣೆಯ ಮಂಜೂರಾತಿಗೆ 120 ದಿನದ ಗಡುವೂ ಬಂದಿದೆ, ಅದರೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಕೊಟ್ಟಂತೆಯೇ ಲೆಕ್ಕ.

ಹಳೇ ಪೇದೆ, ಕುಷ್ಟಗಿ

ಇದನ್ನ ಯಾರಿಗೂ ಹೇಳಿದ್ದಿಲ್ಲ, ಮನಿಯಾಕೆಗೂ ಹೇಳಿದ್ದಿಲ್ಲ. ಇಲ್ಲಿ ಹೆಸರಿಲ್ಲ ಅಂತ ಬರೀತೀನಿ.

ನೌಕರಿ ಹೊಸದು. ರಾತ್ರಿ ಗಸ್ತು. ಜ್ವಾಳದ ಹೊಲದಾಗ ಒಬ್ಬ ಬಗ್ಗಿಕೊಂಡು ಹೊಂಟಿದ್ದ, ಕೈಯಾಗ ಉದ್ದಕ ಏನೋ ಇತ್ತು. ನನ್ನ ಕೈಯಾಗ ತ್ರೀ ನಾಟ್ ತ್ರೀ ಬಂದೂಕ. ಬೋಲ್ಟ್ ಎಳೆದೆ. ಆ ಸಪ್ಪಳಕ್ಕ ಅಂವ ಎದ್ದು ನಿಂತ. ಹದಿನಾಲ್ಕು ವರ್ಷದ ಹುಡುಗ. ಕೈಯಾಗ ಇದ್ದಿದ್ದು ಕವಣಿ. ಬೆಳಿಗೆ ಹಂದಿ ಬರದಂಗ ಕಾಯಾಕ ಬಂದಿದ್ದ. ನನ್ನ ಬೆರಳು ಬಂದೂಕಿನ ಕುದುರಿ ಮ್ಯಾಲನ ಇತ್ತು.

ಠಾಣೆಗೆ ಬಂದು ನಮ್ಮ ಮ್ಯಾಲಿನವರಿಗೆ ಹೇಳಿದೆ. "ಗುಂಡು ಹಾರಿಲ್ಲಲ್ಲ, ಬಿಡು" ಅಂದ್ರು. ಠಾಣಾ ದಿನಚರಿಯೊಳಗ ಒಂದು ಸಾಲು ಬರೀಲಿಲ್ಲ. ಮರುದಿನ ಬಂದೂಕ ಒಪ್ಪಿಸಿದಾಗ ಕಾಟ್ರಿಜ್ ಎಣಿಸಿದ್ರು, ಲೆಕ್ಕ ಸರಿ ಇತ್ತು, ಸಹಿ ಹಾಕಿದೆ. ಒಂದು ಕಾಟ್ರಿಜ್ ಕಡಿಮಿ ಆಗಿದ್ರ ಹತ್ತು ಮಂದಿ ಬಂದು ಕೇಳ್ತಿದ್ರು. ಒಂದು ಹುಡುಗನ ಜೀವ ಕೂದಲೆಳಿಯಾಗ ಉಳಿದಿದ್ದನ್ನ ಯಾರೂ ಕೇಳಲಿಲ್ಲ. ಅದನ್ನ ಬರೆದಿದ್ರ ಹೊಲದಾಗ ಹುಡುಗರು ಹಂದಿ ಕಾಯ್ತಾರ ಅಂತ ನನ್ನ ಹಿಂದ ಬಂದ ಪೇದೆಗೆ ಗೊತ್ತಾಗ್ತಿತ್ತು.

ಮಾನ್ವಿ ತಮ್ಮಾ, ನಾ ಮೊದಲು ಎರಡು ಸೆಕೆಂಡು ಅಂದಿದ್ದೆ. ಆ ಮಾತು ಸುಳ್ಳಲ್ಲ, ಹಿಂದಕ್ಕ ತಗೊಳ್ಳಂಗಿಲ್ಲ. ಆದ್ರ ನಮಗ ಎರಡ ಸೆಕೆಂಡು ಉಳಿಯೋ ಹಂಗ ಮಾಡಿದ್ದು ನಾವ. ನಿಮ್ಮ ಮಾವನ ವಿಷಯ ಎಲ್ಲರ ಬರೆದಿದ್ರಾ ಕೇಳು.

ಟೀಚರ್ ಅಕ್ಕ, ಗಂಗಾವತಿ

ಅಣ್ಣಾರ, ಇದನ್ನ ಬರಿಯಾಕ ಎಷ್ಟು ಧೈರ್ಯ ಬೇಕಂತ ನನಗ ಗೊತ್ತು. ನಮಸ್ಕಾರ ನಿಮಗ.

ಕೊನೆಭಾಗದ ರೈತನ ಮಗ, ಮಾನ್ವಿ

ಕಾಕಾ, ನಿನ್ನಿ ಊರಿಗೆ ಹೋಗಿದ್ದೆ, ಕೇಳಿದೆ. ಎಲ್ಲೂ ಬರೆದಿಲ್ಲ. ಯಾರೂ ಮಾವನ ಹೇಳಿಕಿ ತಗೊಂಡಿಲ್ಲ.

ಆದ್ರ ಮಾವ ನನಗ ಈ ಹನ್ನೆರಡು ವರ್ಷದಾಗ ಹೇಳದ ಇದ್ದ ಒಂದು ಮಾತು ಹೇಳಿದ. ಅದಾಗಿ ಮೂರನೇ ದಿನಕ್ಕ ಆ ಪಿಎಸ್ಐ ಒಬ್ಬರ, ಸಾದಾ ಅಂಗಿ ಹಾಕ್ಕೊಂಡು, ಹೊಲಕ್ಕ ಬಂದಿದ್ರಂತ. ಬದುವಿನ ಮ್ಯಾಲ ಕುಂತು ನೀರು ಕೇಳಿ ಕುಡಿದ್ರಂತ. ತಂಬಿಗಿ ಹಿಡಿದ ಕೈ ನಡುಗ್ತಿತ್ತಂತ. ತಪ್ಪಾತು ಅಂತ ಬಾಯಿಬಿಟ್ಟು ಅನ್ನಲಿಲ್ಲ. ತೂಬು ಯಾರು ತೆಗೀತಾರ, ಪಾಳಿ ಹೆಂಗ ಹಾಕ್ತಾರ, ರಾತ್ರಿ ಯಾವ ಹೊತ್ತಿಗೆ ಎಷ್ಟು ಮಂದಿ ಬರ್ತಾರ ಅಂತ ಒಂದೊಂದ ಕೇಳಿ ಸಣ್ಣ ಡೈರಿಯೊಳಗ ಬರ್ಕೊಂಡ್ರಂತ. ನೀರಗಂಟಿಯ ಫೋನ್ ನಂಬರೂ ತಗೊಂಡ್ರಂತ.

ಅವರು ವರ್ಗ ಆಗೋ ತನ, ಎರಡು ಬೆಳಿ, ರಾತ್ರಿ ಬೀಟಿಗೆ ಹೊರಡೋ ಮುಂಚೆ ಠಾಣೆಯಿಂದ ನೀರಗಂಟಿಗೆ ಫೋನ್ ಬರ್ತಿತ್ತಂತ. "ಇವತ್ತು ಯಾರ ಪಾಳಿ ಐತಿ? ಎಷ್ಟು ಮಂದಿ ಅದಾರ ದಂಡಿ ಮ್ಯಾಲ?" ಅಂತ.